ನೆರೆಯಲ್ಲಿರುವ ಹಿಮವಂತ

ಬೇಸಗೆಯ ರಜೆ ಸಮೀಪಿಸಿತೆಂದರೆ ನಮ್ಮ ಗೃಹಸ್ಥರ ಮನೆಗಳಲ್ಲಿ ಹಿಮಾಲಯದ ಮಾತು ಹುಟ್ಟುವುದು. ಮಕ್ಕಳು ಮಂಜನ್ನು ಮುಟ್ಟಿ ನೋಡಬೇಕೆನ್ನುವರು. ಗೃಹಿಣಿಯು ಅಲ್ಲಿನ ಜನರು ಏನನ್ನು ಉಣ್ಣುವರು, ಹೇಗೆ ಉಡುವರು, ಅವರ ದೇವಾಲಯಗಳು ಎಂತಹವು ಎಂಬುದನ್ನು ಕಾಣಬೇಕೆನ್ನುವಳು. ಯಜಮಾನನು ರೈಲಿನ ದರವನ್ನೂ ವಸತಿಗೃಹದ ಬಾಡಿಗೆಯನ್ನೂ ಕೂಡಿಸಿ ನೋಡಿ ನಿಟ್ಟುಸಿರಿಡುವನು. ಹಿರಿಯರು ತಮ್ಮ ಮಂಡಿಯನ್ನು ಒತ್ತಿಕೊಂಡು ಸುಮ್ಮನಾಗುವರು. ಕಡೆಗೆ ಆ ವರ್ಷವೂ ಧರ್ಮಸ್ಥಳಕ್ಕೋ ಶೃಂಗೇರಿಗೋ ಹೋಗಿಬಂದು, ಹಿಮಾಲಯವನ್ನು ಮುಂದಿನ ವರ್ಷಕ್ಕೆ ತಳ್ಳುವುದು ವಾಡಿಕೆ. ಮಂಜೇ ಬೇಕೆನ್ನುವವರಿಗೆ ನಾನು ಹೇಳಬಲ್ಲುದು ಏನೂ ಇಲ್ಲ. ಆದರೆ ಹಿಮವತ್ಪ್ರಾಂತದ ಒಂದು ಸಣ್ಣ ಊರಿಗೆ ಹೋಗಿ, ಅಲ್ಲಿಯ ಊಟವನ್ನುಂಡು, ಅಲ್ಲಿಯ ವಿದ್ಯೆಯನ್ನೂ ಹಬ್ಬವನ್ನೂ ಕೈಕೆಲಸವನ್ನೂ ಕಂಡು ಬರಬೇಕೆಂಬುದು ಅಪೇಕ್ಷೆಯಾದರೆ, ನಮ್ಮ ಶಿವಮೊಗ್ಗೆಯಿಂದ ಸುಮಾರು 150 ಕಿಲೋಮೀಟರು ಹೋದರೆ ಸಾಕು. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನ ಬಳಿಯಲ್ಲಿ ಅಂತಹ ಊರೊಂದು ಉಂಟು. ಅದರ ಹೆಸರು ಡೊಯೆಗುಲಿಂಗ್. ಸುತ್ತಣ ಹಳ್ಳಿಗಳವರು ಅದನ್ನು ಟಿಬೆಟನ್ ಕಾಲೊನಿಯೆಂದು ಕರೆಯುವರು.

ಈ ಊರು ಇಲ್ಲಿಗೆ ಬಂದ ಬಗೆಯನ್ನು ಮೊದಲು ತಿಳಿಯಬೇಕು. ಹಿಮವತ್ಪರ್ವತದ ಆಚೆಗಿರುವ ಟಿಬೆಟ್ಟನ್ನು ನಮ್ಮ ಸಂಸ್ಕೃತ ಗ್ರಂಥಗಳು ಭೋಟ ದೇಶವೆಂದು ಕರೆಯುತ್ತವೆ. 1959ರ ಮಾರ್ಚ್ ತಿಂಗಳಿನಲ್ಲಿ ಅಲ್ಲಿಯ ಧರ್ಮಗುರುಗಳಾದ ದಲಾಯಿ ಲಾಮಾ ಅವರು ಲ್ಹಾಸಾ ನಗರವನ್ನು ಬಿಟ್ಟು, ಹಿಮಾಲಯವನ್ನು ದಾಟಿ, ಭಾರತಕ್ಕೆ ಬಂದರು. ಅವರ ಹಿಂದೆ ಸಹಸ್ರಾರು ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಬಂದುವು. ತಂಪು ಸೀಮೆಯಲ್ಲಿ ಹುಟ್ಟಿದ ಆ ಜನರು ಬೆಟ್ಟಸೀಮೆಯ ರಸ್ತೆಗಳಲ್ಲಿ ಕಲ್ಲು ಒಡೆದು ಜೀವಿಸುತ್ತಿದ್ದರು. ಅವರು ನೆಲೆಯಾಗಿ ನಿಲ್ಲುವುದಕ್ಕೆ ಭೂಮಿಯನ್ನು ಕೊಟ್ಟ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯವು ಅಗ್ರಗಣ್ಯವಾದುದು. ಮೊದಲು ಪಿರಿಯಾಪಟ್ಟಣದ ಬಳಿಯ ಬೈಲಕುಪ್ಪೆ, 1966ರಲ್ಲಿ ಮುಂಡಗೋಡು, ಆ ಮೇಲೆ ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ. ಮುಂಡಗೋಡಿನಲ್ಲಿ ನೆಲೆ ದೊರೆತಾಗ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದರು. ಕೊಟ್ಟುದು ಕಾಡು. ಬಂದವರು ಅದನ್ನು ಕಡಿದು ಹೊಲಮಾಡಿದರು. ಬಾರ್ಲಿ ಬೆಳೆಯುತ್ತಿದ್ದ ಕೈಗಳು ಬತ್ತವನ್ನೂ ಗೋವಿನಜೋಳವನ್ನೂ ಬೆಳೆಯಲು ಕಲಿತುವು.

ಗೃಹಸ್ಥರ ಕಥೆ ಇದು. ಸಂನ್ಯಾಸಿಗಳ ಕಥೆ ಇನ್ನೂ ಕಠಿಣವಾದುದು. ದೇಶವನ್ನು ಬಿಟ್ಟುಬಂದ ಭಿಕ್ಷುಗಳಲ್ಲಿ ಸುಮಾರು 1,500 ಮಂದಿಯನ್ನು ಪಶ್ಚಿಮ ಬಂಗಾಳದ ಬಕ್ಸಾ ಎಂಬ ಕಾಡಿನ ಕೋಟೆಯಲ್ಲಿ ಇರಿಸಲಾಯಿತು. ಆಂಗ್ಲರ ಕಾಲದಲ್ಲಿ ಅದು ಸೆರೆಮನೆಯಾಗಿತ್ತು. ಅಲ್ಲಿಯ ಬೇಗೆಯನ್ನೂ ತೇವವನ್ನೂ ತಾಳಲಾರದೆ ಅನೇಕರು ಕ್ಷಯರೋಗಕ್ಕೆ ತುತ್ತಾದರು. ಉಳಿದವರು ಆ ಸೆರೆಮನೆಯ ಅಂಗಳದಲ್ಲಿಯೇ ಪಾಠವನ್ನು ನಿಲ್ಲಿಸದೆ ಹತ್ತು ವರ್ಷಗಳನ್ನು ಕಳೆದರು. 1969ರಲ್ಲಿ ಅವರಲ್ಲಿ ಡ್ರೆಪುಂಗ್ ಮತ್ತು ಗಾಂಡೆನ್ ಎಂಬ ಎರಡು ಮಹಾವಿಹಾರಗಳಿಗೆ ಸೇರಿದವರು ಮುಂಡಗೋಡಿಗೆ ಬಂದರು. ಟಿಬೆಟ್ಟಿನಲ್ಲಿ ಗಾಂಡೆನ್ ಸ್ಥಾಪಿತವಾದುದು 1409ರಲ್ಲಿ, ಡ್ರೆಪುಂಗ್ 1416ರಲ್ಲಿ. ಎಂದರೆ ನಮ್ಮಲ್ಲಿ ವಿಜಯನಗರದ ದೇವರಾಯರು ಆಳುತ್ತಿದ್ದ ಕಾಲದಲ್ಲಿ. ಐನೂರೈವತ್ತು ವರ್ಷಗಳ ಆ ವಿದ್ಯಾಪೀಠಗಳು ಕನ್ನಡನಾಡಿನ ಜೋಳದ ಹೊಲಗಳ ನಡುವೆ ಮತ್ತೆ ಹುಟ್ಟಿದುವು. ಇವುಗಳಿಗೆ ಸಮಾನವೆಂದು ಹೇಳುವ ಸೆರಾ ವಿಹಾರವು ಬೈಲಕುಪ್ಪೆಯಲ್ಲಿ ನೆಲೆಗೊಂಡಿತು.

ಈಗ ದಾರಿಯನ್ನು ಹೇಳುವೆನು. ರಾಗಿಗುಡ್ಡದ ನಮ್ಮ ಮನೆಯಿಂದ ಬೆಳಗ್ಗೆ ಬೇಗನೆ ಹೊರಟರೆ ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿಗಳನ್ನು ಹಾದು ಹಾನಗಲ್ಲನ್ನು ಸೇರಬಹುದು. ಅಲ್ಲಿಂದ ಉತ್ತರಕ್ಕೆ ತಿರುಗಿದರೆ ಮುಂಡಗೋಡು. ಬಸ್ಸಿನವರಿಗೆ ಒಂದೆರಡು ಕಡೆ ಇಳಿದು ಹತ್ತುವ ಶ್ರಮ ಉಂಟು. ಹುಬ್ಬಳ್ಳಿಯ ಕಡೆಯಿಂದ ಬರುವವರಿಗೆ ತಡಸದ ಮೇಲೆ ನೇರವಾದ ರಸ್ತೆಯಿದೆ. ಆದರೆ ನಮ್ಮ ದಾರಿಯಲ್ಲಿ ಒಂದು ವಿಶೇಷ ಲಾಭವುಂಟು. ಶಿರಾಳಕೊಪ್ಪದ ಬಳಿಯಲ್ಲಿಯೇ ಬಳ್ಳಿಗಾವೆ ಸಿಗುವುದು. ಅಲ್ಲಿ ಒಂದು ಗಂಟೆಯ ಕಾಲ ಇಳಿಯದೆ ಮುಂದೆ ಹೋಗಬಾರದೆಂದು ನನ್ನ ವಿಜ್ಞಾಪನೆ. ಏಕೆಂದರೆ ಮುಂಡಗೋಡಿನಲ್ಲಿ ಕಾಣುವುದಕ್ಕೆ ಪೂರ್ವಪೀಠಿಕೆಯು ಅಲ್ಲಿದೆ.

ಬಳ್ಳಿಗಾವೆಯನ್ನು ಜನರು ಅಲ್ಲಮಪ್ರಭುವಿನ ಊರೆಂದೂ, ಕೇದಾರೇಶ್ವರ ತ್ರಿಪುರಾಂತಕ ದೇವಾಲಯಗಳ ಊರೆಂದೂ ಬಲ್ಲರು. ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ನಾಡಿನ ರಾಜಧಾನಿಯಾಗಿ, ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐವರ ಮಠಗಳನ್ನೂ ಒಂದೇ ಊರಿನಲ್ಲಿ ಪೋಷಿಸಿತ್ತು. 11ನೆಯ ಶತಮಾನದಲ್ಲಿ ಅಲ್ಲಿ ಬೌದ್ಧವಿಹಾರವೊಂದು ಕಟ್ಟಲ್ಪಟ್ಟುದನ್ನೂ, ತಾರಾಭಗವತಿಯ ಪ್ರತಿಷ್ಠೆಯಾದುದನ್ನೂ ಶಾಸನಗಳು ಹೇಳುತ್ತವೆ. 1162ರ ಶಾಸನವೊಂದು ಅಲ್ಲಿಯ ಕೋಡಿಯ ಮಠವನ್ನು ವರ್ಣಿಸುವುದು ಓದತಕ್ಕ ಭಾಗ. ಅದು ಶೈವರ ಮಠ. ಅಲ್ಲಿ ನಾಲ್ಕು ವೇದಗಳೂ, ಪಾಣಿನೀಯವೇ ಮೊದಲಾದ ವ್ಯಾಕರಣಗಳೂ, ನ್ಯಾಯ ವೈಶೇಷಿಕ ಮೀಮಾಂಸಾ ಸಾಂಖ್ಯಗಳೂ, ಇವುಗಳೊಂದಿಗೆ ಬೌದ್ಧದರ್ಶನವೂ ವ್ಯಾಖ್ಯಾನಗೊಳ್ಳುತ್ತಿದ್ದುವು. ಬಡವರಿಗೆ, ಕುರುಡರಿಗೆ, ಕುಂಟರಿಗೆ ಅನ್ನವೂ, ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವು. ಈ ದಿನ ಅಲ್ಲಿ ಬೌದ್ಧದರ್ಶನವನ್ನು ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಕಲ್ಲಿನ ಮೇಲೆ ಅಕ್ಷರವಿದೆ. ನಮ್ಮ ಸೀಮೆಯಲ್ಲಿಯೇ ಮನೆಮಾತಾಗಿದ್ದ ವಿದ್ಯೆಯೊಂದು ಎಷ್ಟು ನಿಶ್ಶೇಷವಾಗಿ ಹೋಗಬಹುದು ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಉತ್ತಮವಾದ ಸ್ಥಳವನ್ನು ನಾನು ಕಾಣೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದೆ ಪ್ರಯಾಣ ಮಾಡತಕ್ಕದ್ದು.

ಮುಂಡಗೋಡಿನ ಪೇಟೆಯನ್ನು ದಾಟಿ ಕೆಲವು ಮೈಲಿ ಹೋದೊಡನೆ ದೃಶ್ಯವು ಬದಲಾಗುವುದು. ರಸ್ತೆಯ ಎರಡು ಪಕ್ಕದಲ್ಲಿಯೂ ಗೋವಿನಜೋಳದ ಹೊಲಗಳು. ಅವುಗಳ ಆಚೆ ಐದು ಬಣ್ಣದ ಬಟ್ಟೆಯ ಪತಾಕೆಗಳು ಗಾಳಿಗೆ ಅಲುಗುತ್ತಿರುವುವು. ಮರಗಳ ಮೇಲೆ ಬಂಗಾರದ ಬಣ್ಣದ ಮಾಡುಗಳು ಕಾಣುವುವು. ಕಡುಗೆಂಪಿನ ಕಾವಿಯನ್ನುಟ್ಟ ಬಾಲಭಿಕ್ಷುಗಳು ಗುಂಪುಗುಂಪಾಗಿ ನಡೆದುಹೋಗುವರು. ಉದ್ದನೆಯ ಮೇಲಂಗಿಯನ್ನೂ ಅದರ ಮುಂದೆ ಪಟ್ಟೆಪಟ್ಟೆಯ ಬಟ್ಟೆಯನ್ನೂ ಕಟ್ಟಿದ ಮುತ್ತೈದೆಯರು ಕೈಯಲ್ಲಿ ಜಪಮಾಲೆಯನ್ನು ಹಿಡಿದು ವಿಹಾರಕ್ಕೆ ಬಲವಂದು ಬರುವರು. ಅವರ ಪ್ರದಕ್ಷಿಣೆಯೂ ನಮ್ಮದರಂತೆಯೇ ಬಲಗಡೆಯಿಂದ. ನಮ್ಮಲ್ಲಿ ಷಡಕ್ಷರಿಯೆಂದರೆ ಶಿವಮಂತ್ರವಷ್ಟೆ. ಅವರಿಗೂ ಒಂದು ಷಡಕ್ಷರಿ ಉಂಟು, ಅದೂ ಸಂಸ್ಕೃತವೇ. ಅದನ್ನು ಕಾಗದದ ಮೇಲೆ ಬರೆದು ಚಕ್ರದಲ್ಲಿ ಸುತ್ತಿ, ಚಕ್ರವನ್ನು ಕೈಯಿಂದ ತಿರುಗಿಸುವರು. ಭಾರತೀಯ ಪ್ರಜೆಗಳು ಇಲ್ಲಿಗೆ ಬರಲು ಯಾವ ಪರವಾನಗಿಯೂ ಬೇಕಾಗಿಲ್ಲ. ಪರದೇಶದ ಪ್ರಜೆಗಳು ರಾತ್ರಿ ತಂಗಬೇಕಾದರೆ ಸರ್ಕಾರದ ಪರವಾನಗಿ ಅಗತ್ಯ. ಹೊರದೇಶದಲ್ಲಿ ನೆಲೆಸಿದ ಅಳಿಯನೋ ಮೊಮ್ಮಕ್ಕಳೋ ಜೊತೆಯಲ್ಲಿ ಬರುವುದಾದರೆ ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

ಊಟದ ವಿಷಯಕ್ಕೆ ಬರುವೆನು. ಗೃಹಿಣಿಯರು ಇದಕ್ಕಾಗಿಯೇ ಕಾದಿರುವರೆಂದು ಬಲ್ಲೆ. ಆ ಜನರ ಮೂಲ ಆಹಾರವು ತ್ಸಂಪಾ. ಬಾರ್ಲಿಯನ್ನು ಹುರಿದು, ಬೀಸಿ, ಆ ಹಿಟ್ಟನ್ನು ಬಟ್ಟಲಿನಲ್ಲಿ ಚಹದೊಡನೆ ಬೆರಳುಗಳಿಂದ ಕಲಸಿ ಉಂಡೆಮಾಡಿ ತಿನ್ನುವುದು. ಒಲೆ ಬೇಕಾಗಿಲ್ಲ, ಕೆಡುವ ಭಯವಿಲ್ಲ, ಕುದುರೆಯ ಮೇಲೆ ತಿಂಗಳು ಪ್ರಯಾಣ ಮಾಡುವವನ ಚೀಲದಲ್ಲಿ ಇರಬಹುದು. ಇದನ್ನು ಕೇಳಿದ ಕೂಡಲೆ ನಮ್ಮ ಮನೆಯವರು, ‘ಇದು ನಮ್ಮ ರಾಗಿಯ ಹುರಿಹಿಟ್ಟೇ ಅಲ್ಲವೆ?’ ಎಂದರು. ನಿಜ. ರಾಗಿಯನ್ನು ನೆನಸಿ, ಹುರಿದು, ಬೀಸಿ, ಮಜ್ಜಿಗೆಯಲ್ಲೋ ಬೆಲ್ಲದ ನೀರಿನಲ್ಲೋ ಕಲಸಿಕೊಳ್ಳುವ ನಮ್ಮವರಿಗೂ, ಬಾರ್ಲಿಯನ್ನು ಬೆಣ್ಣೆಯ ಚಹದಲ್ಲಿ ಕಲಸುವ ಅವರಿಗೂ ಬುದ್ಧಿ ಒಂದೇ. ಬೆಣ್ಣೆಯ ಚಹವೆಂದರೆ, ಇಟ್ಟಿಗೆಯಂತೆ ಒತ್ತಿದ ಚಹದ ಎಲೆಯನ್ನು ಚೆನ್ನಾಗಿ ಕುದಿಸಿ, ಉಪ್ಪನ್ನೂ ಬೆಣ್ಣೆಯನ್ನೂ ಹಾಕಿ, ಉದ್ದನೆಯ ಮರದ ಕೊಳವೆಯಲ್ಲಿ ಕಡೆದು ಮಾಡುವ ಪಾನೀಯ. ಅದನ್ನು ಚಹವೆಂದು ತಿಳಿದು ಕುಡಿದವನು ಬೆಚ್ಚುವನು. ಸಾರೆಂದು ತಿಳಿದು ಕುಡಿದವನು ಮೆಚ್ಚುವನು. ನಮ್ಮ ಸೀಮೆಯ ಸೆಕೆಯಲ್ಲಿ ಅವರೂ ಹೆಚ್ಚಾಗಿ ಸಕ್ಕರೆ ಹಾಲಿನ ಚಹವನ್ನೇ ಕುಡಿಯುವರು.

ಉಪಾಹಾರಗೃಹಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ಮೊಮೊ, ಥುಕ್ಪಾ, ಟಿಂಗ್ಮೊ. ಮೊಮೊವನ್ನು ಈಗ ನಮ್ಮ ಪೇಟೆಯ ಹುಡುಗರೆಲ್ಲರೂ ಬಲ್ಲರು. ಅದು ಮೈದಾ ಕಣಕದಲ್ಲಿ ಖಾರದ ಹೂರಣವನ್ನು ತುಂಬಿ, ಅಂಚನ್ನು ನೆರಿಗೆ ಮಡಿಸಿ, ಆವಿಯಲ್ಲಿ ಬೇಯಿಸಿದ ಕಡುಬು. ಥುಕ್ಪಾ ಎಂದರೆ ಹಿಟ್ಟಿನ ಎಳೆಗಳನ್ನೂ ತರಕಾರಿಯನ್ನೂ ಬೇಯಿಸಿದ ತಿಳಿಯಾದ ಸಾರು. ಜ್ವರ ಬಿಟ್ಟವರಿಗೆ ಹಿತವಾದುದು. ಟಿಂಗ್ಮೊವನ್ನು ಮನೆಯಲ್ಲಿ ಮಾಡಿ ನೋಡಬಹುದು. ಮೈದಾ ಹಿಟ್ಟನ್ನು ಈಸ್ಟು, ಚಿಟಿಕೆ ಸಕ್ಕರೆ, ಬೆಚ್ಚಗಿನ ನೀರು ಹಾಕಿ ಮೃದುವಾಗಿ ನಾದಿ, ಎರಡುಪಟ್ಟು ಉಬ್ಬುವವರೆಗೆ ಮುಚ್ಚಿಡಬೇಕು. ಅನಂತರ ತೆಳ್ಳಗೆ ಲಟ್ಟಿಸಿ, ಎಣ್ಣೆ ಸವರಿ, ಚಾಪೆಯಂತೆ ಸುರುಳಿ ಸುತ್ತಿ, ತುಂಡುಮಾಡಿ, ಪ್ರತಿಯೊಂದನ್ನೂ ಒಂದು ಸಲ ತಿರುಚಿ, ಇಡ್ಲಿಯ ಪಾತ್ರೆಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಬೇಯಿಸಬೇಕು. ಹೂವಿನಂತೆ ಪದರ ಬಿಡುವುದು. ಶಾಕಾಹಾರಿಗಳು ಭಯಪಡಬೇಕಾದುದಿಲ್ಲ, ಎಲೆಕೋಸು, ಆಲೂಗಡ್ಡೆ, ಗಿಣ್ಣದ ಮೊಮೊಗಳು ದೊರೆಯುವುವು. ಆದರೆ ಮಾಂಸದ ಅಡಿಗೆಯೂ ಅದೇ ಒಲೆಯಲ್ಲಿ ಆಗುವುದುಂಟು. ಮಡಿಯುಳ್ಳವರು ಮೊದಲೇ ವಿನಯದಿಂದ ಕೇಳಿಕೊಳ್ಳಲಿ. ತಟ್ಟೆ ಮುಂದೆ ಬಂದ ಮೇಲೆ ಮುಖ ಸಿಂಡರಿಸುವುದು ಅತಿಥಿಯ ಲಕ್ಷಣವಲ್ಲ.

ನಾವು ಊಟಮಾಡಿದ ಸಣ್ಣ ಉಪಾಹಾರಗೃಹದ ಒಡತಿ ಎಪ್ಪತ್ತನ್ನು ಮೀರಿದ ಮುದುಕಿ. ನಮ್ಮ ಮನೆಯವರನ್ನು ನೋಡಿದೊಡನೆ, ‘ಬರ್ರೀ ಅಕ್ಕಾರ, ಒಳಗ ಕೂಡ್ರಿ, ಎಲ್ಲಾ ಬಿಸಿ ಐತಿ’ ಎಂದು ಹುಬ್ಬಳ್ಳಿಯ ಕನ್ನಡದಲ್ಲಿ ಕರೆದಳು. ಕಾಡನ್ನು ಕಡಿಯುವಾಗ ತಾನು ಚಿಕ್ಕ ಹುಡುಗಿಯಾಗಿದ್ದಳೆಂದೂ, ಕನ್ನಡವನ್ನು ಮುಂಡಗೋಡಿನ ಸಂತೆಯಲ್ಲಿ ತರಕಾರಿ ಕೊಳ್ಳುತ್ತ ಕಲಿತಳೆಂದೂ ಹೇಳಿದಳು. ಮಕ್ಕಳೆಲ್ಲಿ ಎಂದು ಕೇಳಿದುದಕ್ಕೆ, ‘ಮಗ ಬೆಂಗಳೂರಾಗ, ಮಗಳು ಕೆನಡಾದಾಗ ಅದಾಳ್ರಿ. ಲೋಸಾರಕ್ಕ ಬರ್ತೀನಿ ಅಂತಾಳ. ಮೂರು ವರ್ಷ ಆತು’ ಎಂದು, ನಮ್ಮ ಬಟ್ಟಲಿಗೆ ಇನ್ನೊಂದು ಸೌಟು ಸಾರನ್ನು ಕೇಳದೆಯೇ ಹಾಕಿದಳು. ನಮ್ಮ ಬೀದಿಯಲ್ಲಿ ಇದೇ ಮಾತನ್ನು ದೀಪಾವಳಿಯ ಹೆಸರಿನಲ್ಲಿ ಹೇಳುವ ತಾಯಂದಿರು ಎಷ್ಟು ಮಂದಿ ಇಲ್ಲ!

ಲೋಸಾರವೆಂದರೆ ಅವರ ಯುಗಾದಿ. ಅದು ಫೆಬ್ರವರಿ ಇಲ್ಲವೆ ಮಾರ್ಚಿಯಲ್ಲಿ ಬೀಳುವುದು. ಅದಕ್ಕೆ ಎರಡು ದಿನ ಮುಂಚೆ ಗುಥುಕ್ ಎಂಬ ಒಂಬತ್ತು ಪದಾರ್ಥಗಳ ಸಾರನ್ನು ಮನೆಮಂದಿಯೆಲ್ಲರೂ ಕೂಡಿ ಉಣ್ಣುವರು. ಅದರಲ್ಲಿ ಪ್ರತಿಯೊಬ್ಬರ ಪಾಲಿಗೂ ಒಂದೊಂದು ದೊಡ್ಡ ಹಿಟ್ಟಿನ ಉಂಡೆಯಿದ್ದು, ಒಳಗೆ ಒಂದು ವಸ್ತು ಅಡಗಿರುವುದು. ಮೆಣಸಿನಕಾಯಿ ಸಿಕ್ಕಿದವನು ವಾಚಾಳಿ. ಇದ್ದಲು ಸಿಕ್ಕಿದವನ ಹೃದಯ ಕಪ್ಪು. ಉಣ್ಣೆ ಸಿಕ್ಕಿದವನು ಮೃದುಸ್ವಭಾವದವನು. ಯಾರಿಗೆ ಯಾವುದು ಬಂದಿತೆಂದು ನಕ್ಕು, ವರ್ಷದ ಕಸವನ್ನೆಲ್ಲ ಹೊರಹಾಕಿ, ಹೊಸ ವರ್ಷವನ್ನು ಬರಮಾಡಿಕೊಳ್ಳುವರು. ಹಬ್ಬದ ತಿಂಡಿಯಾದ ಖಪ್ಸೆಯು ನಮ್ಮ ಶಂಕರಪೋಳಿಯ ಅಣ್ಣನೇ ಸರಿ. ಮಳೆಗಾಲದಲ್ಲಿ ಭಿಕ್ಷುಗಳು ವಿಹಾರವನ್ನು ಬಿಟ್ಟು ಹೊರಗೆ ಹೋಗದೆ ವ್ರತದಲ್ಲಿರುವರು. ಅದು ಬುದ್ಧನ ಕಾಲದ ವರ್ಷಾವಾಸ, ನಮ್ಮ ಯತಿಗಳ ಚಾತುರ್ಮಾಸ್ಯದ ಒಡಹುಟ್ಟು. ಆದುದರಿಂದ ಹೋಗುವವರಿಗೆ ಕಾರ್ತಿಕದಿಂದ ಫಾಲ್ಗುನದವರೆಗಿನ ಕಾಲವು ಒಳ್ಳೆಯದು. ಆಗ ಸಮೀಪದ ಅತ್ತಿವೇರಿ ಪಕ್ಷಿಧಾಮವನ್ನೂ ನೋಡಬಹುದು. ಕೈಕೆಲಸವನ್ನು ಕಾಣಬೇಕೆಂಬವರು ರತ್ನಗಂಬಳಿ ನೇಯುವ ಮಗ್ಗದ ಮುಂದೆ ಅರ್ಧಗಂಟೆ ನಿಲ್ಲಲಿ: ಉಣ್ಣೆಯ ಎಳೆಯನ್ನು ಒಂದು ಸರಳಿನ ಸುತ್ತ ಕುಣಿಕೆ ಹಾಕುತ್ತ ಹೋಗಿ, ಸಾಲು ಮುಗಿದ ಮೇಲೆ ಕುಣಿಕೆಗಳನ್ನು ಕತ್ತರಿಸಿ ಸರಳನ್ನು ಬಿಡಿಸುವುದು ಅವರ ಪದ್ಧತಿ.

ಇಷ್ಟನ್ನೇ ನೋಡಿ ಹಿಂದಿರುಗಿದರೆ, ಮನೆಯ ಹೊಸ್ತಿಲನ್ನು ನೋಡಿ ದೇವರ ಕೋಣೆಯನ್ನು ನೋಡದೆ ಬಂದಂತೆ. ಸಾಯಂಕಾಲ ವಿಹಾರದ ಅಂಗಳಕ್ಕೆ ಹೋಗಬೇಕು. ಅಲ್ಲಿ ನೂರಾರು ಭಿಕ್ಷುಗಳು ಇಬ್ಬಿಬ್ಬರಾಗಿ ಸೇರಿರುವರು. ಒಬ್ಬನು ನೆಲದ ಮೇಲೆ ಕುಳಿತಿರುವನು; ಇನ್ನೊಬ್ಬನು ನಿಂತು, ಎಡಗಾಲನ್ನು ಎತ್ತಿ ನೆಲಕ್ಕೆ ಅಪ್ಪಳಿಸಿ, ಬಲಗೈಯನ್ನು ಎಡಗೈಯ ಮೇಲೆ ಚಪ್ಪಾಳೆಯಾಗಿ ಹೊಡೆದು ಪ್ರಶ್ನೆಯನ್ನು ಹಾಕುವನು. ದೂರದಿಂದ ನೋಡಿದವರಿಗೆ ಜಗಳವೆಂದು ತೋರುವುದು. ಅದು ವಾದ, ನಮ್ಮ ತರ್ಕಶಾಸ್ತ್ರದ ವಾದ. ಪ್ರಾರಂಭದಲ್ಲಿ ಪ್ರಶ್ನಿಸುವವನು ಕೂಗುವ ಶಬ್ದವನ್ನು ಕೇಳಿ ನಾನು ನಿಂತಲ್ಲಿಯೇ ನಿಂತೆನು. ಆ ಶಬ್ದವು ‘ಧೀಃ’. ವಿಭಕ್ತಿ ಪ್ರತ್ಯಯಸಮೇತವಾದ ಶುದ್ಧ ಸಂಸ್ಕೃತ, ಬುದ್ಧಿಯೆಂದು ಅರ್ಥ, ವಿದ್ಯಾಧಿದೇವತೆಯಾದ ಮಂಜುಶ್ರೀಯ ಬೀಜಾಕ್ಷರ.

ಲಡಾಖಿನಿಂದ ಬಂದ ಒಬ್ಬ ತರುಣ ಭಿಕ್ಷುವು ಹಿಂದಿಯಲ್ಲಿ ನನಗೆ ಅರ್ಥವನ್ನು ಹೇಳುತ್ತ ಹೋದನು. ಹೊಸದಾಗಿ ಸೇರಿದ ಬಾಲಕರು ಬಣ್ಣಗಳಿಂದ ಪ್ರಾರಂಭಿಸುವರು. ‘ಬಣ್ಣವಾದುದೆಲ್ಲವೂ ಕೆಂಪೇ?’ ಎಂದು ಪ್ರಶ್ನೆ. ಕುಳಿತವನು ಮರೆತು ಹೌದೆಂದನೋ, ಕೂಡಲೆ ಚಪ್ಪಾಳೆ: ‘ಹಾಗಾದರೆ ಬಿಳಿಯ ಶಂಖದ ಬಣ್ಣವೂ ಕೆಂಪಾಗಬೇಕಲ್ಲವೆ?’ ದೊಡ್ಡವರು ಶಬ್ದವು ನಿತ್ಯವೋ ಅನಿತ್ಯವೋ ಎಂಬ ನಮ್ಮ ಹಳೆಯ ಪ್ರಶ್ನೆಯನ್ನು ಎತ್ತಿಕೊಳ್ಳುವರು. ಕುಳಿತವನು ಕೊಡಬಹುದಾದ ಉತ್ತರಗಳು ಎಣಿಸಿದಷ್ಟೆ: ಒಪ್ಪಿದೆನು, ಹೇತುವು ಅಸಿದ್ಧ, ವ್ಯಾಪ್ತಿಯಿಲ್ಲ. ಹೇತು, ಪಕ್ಷ, ವ್ಯಾಪ್ತಿ ಈ ಪದಗಳನ್ನು ನಾನು ಗುರುಗಳ ಮುಂದೆ ಕುಳಿತು ಕಂಠಪಾಠ ಮಾಡಿದ್ದೆನು, ಪರೀಕ್ಷೆಯಲ್ಲಿ ಬರೆದಿದ್ದೆನು, ನಾಲ್ಕು ದಶಕಗಳಲ್ಲಿ ಒಮ್ಮೆಯಾದರೂ ಅವು ಅಂಗಳದಲ್ಲಿ ಓಡಾಡುವುದನ್ನು ಕಂಡಿರಲಿಲ್ಲ. ಇಲ್ಲಿ ಹದಿನಾರು ವರ್ಷದ ಹುಡುಗರು ಅವುಗಳನ್ನು ಚೆಂಡಿನಂತೆ ಎಸೆದಾಡುತ್ತಿದ್ದರು.

ಅವರು ಓದುವ ಐದು ಮಹಾಗ್ರಂಥಗಳ ಹೆಸರನ್ನು ಕೇಳಿರಿ: ಧರ್ಮಕೀರ್ತಿಯ ಪ್ರಮಾಣವಾರ್ತಿಕ, ಮೈತ್ರೇಯನದೆನ್ನುವ ಅಭಿಸಮಯಾಲಂಕಾರ, ಚಂದ್ರಕೀರ್ತಿಯ ಮಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ, ಗುಣಪ್ರಭನ ವಿನಯಸೂತ್ರ. ಐದೂ ಭರತಖಂಡದಲ್ಲಿ ಸಂಸ್ಕೃತದಲ್ಲಿ ರಚಿತವಾದುವು. 8ನೆಯ ಶತಮಾನದಿಂದ ಮುಂದಕ್ಕೆ ನಾಲಂದಾ ವಿಕ್ರಮಶೀಲಾಗಳ ಪಂಡಿತರೂ ಭೋಟ ದೇಶದ ಅನುವಾದಕರೂ ಜೊತೆಯಾಗಿ ಕುಳಿತು ಇಂತಹ ಸಾವಿರಾರು ಗ್ರಂಥಗಳನ್ನು ಆ ಭಾಷೆಗೆ ಅಕ್ಷರಶಃ ಇಳಿಸಿದರು. ಅನಂತರ ನಾಲಂದಾ ಸುಟ್ಟುಹೋಯಿತು. ಇಲ್ಲಿಯ ತಾಳೆಗರಿಗಳು ನಶಿಸಿದುವು. ದಿಙ್ನಾಗನ ಪ್ರಮಾಣಸಮುಚ್ಚಯವನ್ನು ಇಡಿಯಾಗಿ ಓದಬೇಕಾದರೆ ಬಹುಕಾಲ ಪಂಡಿತರಿಗೆ ಭೋಟಾನುವಾದವೇ ಗತಿಯಾಗಿತ್ತು. ಅಮರಕೋಶವೂ, ಕಾಳಿದಾಸನ ಮೇಘದೂತವೂ ಆ ಭಾಷೆಯಲ್ಲಿವೆ. ದಂಡಿಯ ಕಾವ್ಯಾದರ್ಶವು 13ನೆಯ ಶತಮಾನದಲ್ಲಿ ಅಲ್ಲಿಗೆ ಹೋಗಿ, ಅವರ ಕವಿಗಳಿಗೆಲ್ಲ ಲಕ್ಷಣಗ್ರಂಥವಾಯಿತು. ಕನ್ನಡಿಗರಾದ ನಾವು ಇದನ್ನು ಕೇಳಿ ಒಂದು ನಿಮಿಷ ನಿಲ್ಲಬೇಕು. ಏಕೆಂದರೆ ಅದಕ್ಕೆ ನಾನೂರು ವರ್ಷ ಮುಂಚೆ ಅದೇ ಕಾವ್ಯಾದರ್ಶವನ್ನು ಆಧಾರವಾಗಿಟ್ಟುಕೊಂಡು ನಮ್ಮ ಕವಿರಾಜಮಾರ್ಗವು ಹುಟ್ಟಿತು. ಒಬ್ಬನೇ ಗುರುವಿನ ಬಳಿ ಬೇರೆಬೇರೆ ಕಾಲದಲ್ಲಿ ಓದಿದ ಇಬ್ಬರು ಶಿಷ್ಯರಂತೆ, ಕನ್ನಡವೂ ಭೋಟ ಭಾಷೆಯೂ ಸತೀರ್ಥ್ಯರು. ಅವರಲ್ಲೊಬ್ಬನು ಮನೆಯನ್ನು ಕಳೆದುಕೊಂಡು ಇನ್ನೊಬ್ಬನ ಊರಿಗೆ ಬಂದು ನೆಲೆಸಿದನು.

ಸೋದರಿಯರು ಗಮನಿಸಬೇಕಾದ ಇನ್ನೊಂದು ಸಂಗತಿ ಉಂಟು. ಈ ವಿದ್ಯೆಯ ಅತ್ಯುನ್ನತ ಪದವಿಗೆ ಗೆಶೆ ಎಂದು ಹೆಸರು. ಅದಕ್ಕೆ ಹದಿನೈದು ಇಪ್ಪತ್ತು ವರ್ಷಗಳ ಅಧ್ಯಯನ ಬೇಕು. ಶತಮಾನಗಳ ಕಾಲ ಅದು ಪುರುಷರಿಗೆ ಮಾತ್ರ ಮೀಸಲಾಗಿತ್ತು. 2016ರ ಡಿಸೆಂಬರಿನಲ್ಲಿ ಇದೇ ಮುಂಡಗೋಡಿನ ಡ್ರೆಪುಂಗ್ ವಿಹಾರದಲ್ಲಿ 20 ಮಂದಿ ಭಿಕ್ಷುಣಿಯರು, ಅದೇ ಐದು ಗ್ರಂಥಗಳಲ್ಲಿ ಪರೀಕ್ಷೆಕೊಟ್ಟು ಉತ್ತೀರ್ಣರಾದವರು, ದಲಾಯಿ ಲಾಮಾ ಅವರ ಹಸ್ತದಿಂದ ಗೆಶೆಮಾ ಪದವಿಯನ್ನು ಪಡೆದರು. ಟಿಬೆಟ್ಟಿನ ಇತಿಹಾಸದಲ್ಲಿ ಹಿಂದೆ ನಡೆಯದ ಈ ಕಾರ್ಯವು ಕನ್ನಡನೆಲದಲ್ಲಿ ನಡೆಯಿತು. ನಮ್ಮ ಗಾರ್ಗಿ ಮೈತ್ರೇಯಿಯರ ಹೆಸರನ್ನು ಭಾಷಣಗಳಲ್ಲಿ ಹೇಳುವುದುಂಟು. ಅವರ ಮೊಮ್ಮಕ್ಕಳನ್ನು ನೋಡಬೇಕಾದರೆ ಬಸ್ಸು ಹತ್ತಬಹುದು.

ಹೀಗಿರುವ ಊರು ಈಗ ಮೆಲ್ಲಮೆಲ್ಲನೆ ಬರಿದಾಗುತ್ತಿದೆ. 2008ರ ಬಳಿಕ ಟಿಬೆಟ್ಟಿನ ಗಡಿಯು ಬಿಗಿಯಾಗಿ ಅಲ್ಲಿಂದ ಹೊಸಬರು ಬರುವುದು ತೀರ ವಿರಳವಾಯಿತು. ವಿಹಾರಗಳಲ್ಲಿ ಈಗ ಲಡಾಖ್, ಸ್ಪಿತಿ, ತವಾಂಗ್, ನೇಪಾಳಗಳ ಬಾಲಕರು ಹೆಚ್ಚು. ಆದುದರಿಂದಲೇ ಇದನ್ನು ಹಿಮವಂತನ ಊರೆಂದು ಕರೆಯಲು ಇನ್ನೂ ಒಂದು ಕಾರಣ ದೊರೆಯಿತು. ಗೃಹಸ್ಥರ ಮನೆಗಳ ತರುಣರಾದರೋ ಓದಿ, ಬೆಂಗಳೂರಿಗೂ ಅಲ್ಲಿಂದ ಹೊರದೇಶಕ್ಕೂ ಹೋಗುತ್ತಿರುವರು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಉಣ್ಣೆಯ ಅಂಗಿಗಳನ್ನು ಮಾರುವ ಹಳೆಯ ಕಸುಬು ಹಿರಿಯರ ಕೈಯಲ್ಲಿದೆ. ಹೊಲಗಳನ್ನು ಮಾಡುವವರು ಕಡಿಮೆಯಾಗಿ, ಅನೇಕ ಮನೆಗಳ ಬಾಗಿಲಲ್ಲಿ ಮುದುಕರು ಮಾತ್ರ ಕುಳಿತಿರುವರು. ಭೂಮಿಯು ಗುತ್ತಿಗೆಯದು, ಆಶ್ರಯವು ಅತಿಥಿಯದು. ಇಂತಹವರು ಹೋಗುವುದನ್ನು ತಪ್ಪೆನ್ನಲು ನಾವು ಯಾರು? ನಮ್ಮ ಮಕ್ಕಳೂ ಹೋದವರೇ. ಆದರೆ ಬಳ್ಳಿಗಾವೆಯ ವಿದ್ಯೆಯೂ ಒಂದೇ ದಿನದಲ್ಲಿ ಹೋದುದಲ್ಲ. ಕೇಳುವವರು ಒಬ್ಬೊಬ್ಬರಾಗಿ ಕಡಿಮೆಯಾದರು; ಕಡೆಗೆ ಹೇಳುವವನು ಎದ್ದುಹೋದನು.

ಒಬ್ಬ ಗೃಹಸ್ಥನು ಇದಕ್ಕೆ ಏನು ಮಾಡಬಲ್ಲನು? ರಾಜಕಾರ್ಯಗಳು ನಮ್ಮ ಕೈಯಲ್ಲಿಲ್ಲ. ನೆರೆಹೊರೆಯ ಧರ್ಮವು ನಮ್ಮ ಕೈಯಲ್ಲಿದೆ. ಎಂಟು ಸಾವಿರ ಅಡಿ ಎತ್ತರದ ಊರುಗಳಿಗೆ ಸಾಲಮಾಡಿ ಹೋಗುವ ನಾವು, ನಮ್ಮಲ್ಲಿಯೇ ಅರವತ್ತು ವರ್ಷಗಳಿಂದ ನೆಲೆಸಿರುವವರ ಮನೆಯ ಬಾಗಿಲನ್ನು ಒಮ್ಮೆ ತಟ್ಟಬಹುದು. ಹೋದಾಗ ಕೆಲವು ನಿಯಮಗಳನ್ನು ಪಾಲಿಸಿದರೆ ಒಳ್ಳೆಯದು. ಪ್ರಾರ್ಥನಾಮಂದಿರಕ್ಕೆ ಪಾದರಕ್ಷೆ ಬಿಟ್ಟು ಹೋಗತಕ್ಕದ್ದು. ಪಾಠವೋ ಪೂಜೆಯೋ ನಡೆಯುತ್ತಿದ್ದರೆ ಗೋಡೆಯ ಬದಿಯಲ್ಲಿ ಕುಳಿತುಕೊಳ್ಳಲಿ. ಅವರ ಪುಸ್ತಕಗಳು ಬಿಡಿ ಹಾಳೆಗಳ ಉದ್ದನೆಯ ಕಟ್ಟುಗಳು. ಅವುಗಳನ್ನು ನೆಲದ ಮೇಲಿಡುವುದಿಲ್ಲ, ದಾಟುವುದಿಲ್ಲ. ಇದನ್ನು ನಮ್ಮವರಿಗೆ ಕಲಿಸಬೇಕಾದುದಿಲ್ಲ. ಜಪಮಾಡುವ ಮುದುಕಿಯ ಮುಖದ ಮುಂದೆ ಫೋನನ್ನು ಹಿಡಿಯುವ ಮೊದಲು ಅನುಮತಿ ಕೇಳತಕ್ಕದ್ದು. ವಾದದ ಅಂಗಳವನ್ನು ನಾಟಕವೆಂದು ತಿಳಿದು ಚಪ್ಪಾಳೆಗೆ ಚಪ್ಪಾಳೆ ಸೇರಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅವರನ್ನು ನೋಡಿ ಚೀನಾದವರೆಂದು ಕರೆಯುವ ಅಭ್ಯಾಸವು ನಮ್ಮ ಪೇಟೆಗಳಲ್ಲಿ ಉಂಟು. ಅದನ್ನು ನಮ್ಮ ಮಕ್ಕಳ ಬಾಯಿಯಿಂದ ಬಿಡಿಸಬೇಕು. ಆ ಒಂದು ಪದದಲ್ಲಿ ಎಷ್ಟು ನೋವಿದೆಯೆಂಬುದು ಮನೆ ಕಳೆದುಕೊಂಡವರಿಗೆ ತಿಳಿಯುವುದು. ‘ತಾಶಿ ದೆಲೆ’ ಎಂದು ಕೈಮುಗಿದರೆ ಸಂತೋಷಪಡುವರು. ಕನ್ನಡದಲ್ಲಿ ಮಾತನಾಡಿಸಿದರೆ ಇನ್ನೂ ಸಂತೋಷಪಡುವರು.

ಎರಡು ದಿನಗಳನ್ನು ಮೀಸಲಿಡುವುದು ಯುಕ್ತ. ಮೊದಲನೆಯ ದಿನ ಬಳ್ಳಿಗಾವೆಯನ್ನು ನೋಡಿ ಸಾಯಂಕಾಲದೊಳಗೆ ಮುಂಡಗೋಡನ್ನು ಸೇರಿ ವಾದವನ್ನು ಕೇಳುವುದು, ಮರುದಿನ ಬೆಳಗ್ಗೆ ವಿಹಾರಗಳು, ಮಗ್ಗ, ಊಟ, ಅಪರಾಹ್ಣ ಹಿಂದಿರುಗುವುದು. ಸಂಸ್ಕೃತವನ್ನು ಎರಡನೆಯ ಭಾಷೆಯಾಗಿ ಓದುವ ಮಕ್ಕಳು ಮನೆಯಲ್ಲಿದ್ದರೆ ಅವರನ್ನು ಬಿಟ್ಟು ಹೋಗಬೇಡಿರಿ. ಅಂಕಗಳಿಗಾಗಿ ಓದುವ ಭಾಷೆಯೊಂದನ್ನು ಆಧರಿಸಿ ತಮ್ಮ ವಯಸ್ಸಿನವರೇ ಸಂಜೆಯ ಹೊತ್ತು ಬೆವರು ಸುರಿಸಿ ವಾದಿಸುವುದನ್ನು ಅವರು ಒಮ್ಮೆ ನೋಡಲಿ. ಪ್ರಶ್ನೆ ಕೇಳಬೇಕೆನಿಸಿದರೆ ಕೇಳಲಿ; ಅಲ್ಲಿಯ ಭಿಕ್ಷುಗಳು ಪ್ರಶ್ನೆಗೆ ಬೇಸರಪಡುವವರಲ್ಲ. ನನ್ನೊಡನೆ ಬಂದಿದ್ದ ಹನ್ನೆರಡು ವರ್ಷದ ಮೊಮ್ಮಗನು ಈಚೆಗೆ ಮನೆಯಲ್ಲಿ ಯಾವ ಅಪ್ಪಣೆಯನ್ನು ಕೊಟ್ಟರೂ, ‘ಹೇತು ಏನು ತಾತ?’ ಎಂದು ಚಪ್ಪಾಳೆ ಹೊಡೆಯುತ್ತಿರುವನು. ಇದರಿಂದ ಗೃಹಕೃತ್ಯಕ್ಕೆ ಕೊಂಚ ತೊಂದರೆಯಾಗಿರುವುದು ನಿಜ. ಆದರೆ ಹೇತುವನ್ನು ಕೇಳುವ ಹುಡುಗನು ಒಬ್ಬನು ರಾಗಿಗುಡ್ಡದಲ್ಲಿ ಹೆಚ್ಚಾದನಲ್ಲ ಎಂದು ನಾನು ಸುಮ್ಮನಿರುವೆನು.